ಈಶಾನ್ಯ ಮೂಲೆ

ವಿಶಾಲಾಕ್ಷಮ್ಮ ಟೀಚರಿಗೆ ವರ್ಗವಾಗಿದೆ.
ಬದಲಿಗೆ ನಾನು. ಹೌದು, ನಗಬೇಡಿ,
ಬೆಳಿಗ್ಗೆ ಸೀಟಿ ಊದಿದವನೇ, ಡ್ರಿಲ್ ಮೇಷ್ಟ್ರೇ.
ಹೆಡ್ ಮೇಡಂ ಪುಸ್ತಕ ಕೈಗಿಟ್ಟು ಹೇಳಿದರು:
‘ಭೂಗೋಳ ತಾನೇ, ಓದಿಸಿದರೆ ಆಯಿತು.’
ನಿನ್ನೆ ರಾತ್ರಿ ನನಗೆ ನಾನೇ ಓದಿಸಿ ನೋಡಿದೆ.
ಮೂರನೇ ಪುಟಕ್ಕೆ ನಿದ್ದೆ ಬಂತು.

ಈ ಗೋಡೆಯ ನಕಾಶೆ ನೋಡಿ.
ಬೀದರ್ ಇದೆ, ಕೊಡಗು ಇದೆ,
ಕಾರವಾರದ ಕಡಲು ಇನ್ನೂ ನೀಲಿಯಾಗೇ ಇದೆ.
ಕಡೂರು ಇಲ್ಲ.
ಅಚ್ಚಾದಾಗ ಇತ್ತು.
ಮೂವತ್ತು ವರ್ಷ, ವರ್ಷಕ್ಕೆ ಎಪ್ಪತ್ತು ಮಕ್ಕಳು
‘ಇಲ್ಲಿ, ಇಲ್ಲಿ, ನಮ್ಮೂರು’ ಎಂದು
ಬೆರಳು ಒತ್ತಿ ಒತ್ತಿ
ಬಟ್ಟೆಯ ಎಳೆ ಕಾಣುವ ಬಿಳಿ ಕಲೆಯಾಗಿದೆ.
ಒಂದು ಊರನ್ನು ಅದರ ಮಕ್ಕಳೇ ಮುಟ್ಟಿ ಅಳಿಸಿದ್ದಾರೆ.
ಬೈಯೋಣವೆಂದರೆ ಸಿಟ್ಟೇ ಬರುವುದಿಲ್ಲ.

ಸರಿ, ಚೆಂಡು ತನ್ನಿ. ಮೈದಾನಕ್ಕೆ ನಡೆಯಿರಿ.
ಪುಸ್ತಕ ಬೇಡ. ಚಪ್ಪಲಿ ಬೇಕು, ನೆಗ್ಗಿಲಮುಳ್ಳು.

ಹನ್ನೊಂದು ವರ್ಷದಲ್ಲಿ ನಾನು ಕಂಡುಕೊಂಡದ್ದು ಒಂದೇ:
ಈ ಮೈದಾನದಲ್ಲಿ ಎಲ್ಲಿ ಬಿಟ್ಟರೂ ಚೆಂಡು
ಕೊನೆಗೆ ಆ ಜಾಲಿಗಿಡದ ಬುಡಕ್ಕೇ ಹೋಗುತ್ತದೆ.
ಅದು ಯಾವ ದಿಕ್ಕು?
‘ಈಶಾನ್ಯ ಸಾರ್, ದೇವಮೂಲೆ.’
ಮನೆ ಕಟ್ಟುವಾಗ ಕೇಳಿಸಿಕೊಂಡಿದ್ದೀರಿ, ಸರಿ.
ದೇವರು ಅಲ್ಲೇ ಇರಲಿ, ಚೆಂಡಿನ ಮಾತು ಹೇಳಿ.
ಅದು ಯಾಕೆ ಅಲ್ಲಿಗೇ?

ಇಳಿಜಾರು.
ಕಣ್ಣಿಗೆ ಕಾಣದು, ಓಡಿದ ಮೊಣಕಾಲಿಗೆ ಗೊತ್ತು:
ಹೋಗುವಾಗ ಹಗುರ, ಬರುವಾಗ ಏದುಸಿರು.
ಜಾಲಿಯ ಪಕ್ಕ ಕಾಂಪೌಂಡ್ ಬಿದ್ದಿದೆಯಲ್ಲ,
ಹೋದ ಹಿಂಗಾರಿನಲ್ಲಿ, ಒಂದೇ ರಾತ್ರಿಯ ಮಳೆಗೆ,
ಅದನ್ನು ಕಟ್ಟಿದ ಕಂಟ್ರಾಕ್ಟರಿಗೆ ಸಿಮೆಂಟಿನ ಲೆಕ್ಕ ಬರುತ್ತಿತ್ತು,
ಚೆಂಡು ಎತ್ತ ಉರುಳುತ್ತದೆಂದು ಕೇಳಲಿಲ್ಲ.
ಕೇಳಿದ್ದರೆ ನೀವೇ ಹೇಳುತ್ತಿದ್ದಿರಿ:
ಇಲ್ಲೊಂದು ತೂಬು ಬಿಡಿ ಸಾರ್, ನೀರು ಬರುವ ಜಾಗ.

ಆ ಸಂದಿನಲ್ಲಿ ದಾಟಿ. ಒಬ್ಬೊಬ್ಬರೇ.
ಇಲ್ಲಿಂದ ಮುಂದೆ ಚೆಂಡಿನ ಬದಲು ನೀರು:
ಚರಂಡಿ, ಹಳ್ಳ, ವೇದಾವತಿ,
ಮಾರಿಕಣಿವೆಯ ಕಟ್ಟೆ, ಆಚೆಗೆ ತುಂಗಭದ್ರೆ, ಕೃಷ್ಣೆ,
ಆಮೇಲೆ ಬಂಗಾಳ ಕೊಲ್ಲಿ.
ಇಷ್ಟನ್ನು ಬೆಳಿಗ್ಗೆ ಗುಮಾಸ್ತರ ಹತ್ತಿರ ಕೇಳಿಕೊಂಡು ಬಂದೆ.
ಮಿಕ್ಕಿದ್ದಕ್ಕೆ ನೀವೇ ಗತಿ.

ತಿಪ್ಪೇಶ, ನಿಮ್ಮಪ್ಪ ಬೋರ್ ಲಾರಿಯಲ್ಲಿದ್ದಾರಲ್ಲ?
‘ಮೊದಲು ಕೆಮ್ಮಣ್ಣು ಸಾರ್, ಆಮೇಲೆ ಗರಸು,
ಆಮೇಲೆ ಬರೀ ಕಲ್ಲು, ಬಿಳೀ ಪುಡಿ ಹಾರ್ತದೆ.
ಪುಡಿ ಒಣಗೇ ಬರ್ತಿದ್ರೆ ಅಪ್ಪ ಮಾತಾಡಲ್ಲ,
ಬೀಡಿ ಹಚ್ಚಿ ಆ ಕಡೆ ಹೋಗಿ ನಿಲ್ತದೆ.’

ಚಿತ್ರಲಿಂಗ, ನೀನು?
‘ಕುರಿಗಳು ಮುಂಗಾರಲ್ಲಿ ಗಿರಿ ಕಡೆಗೇ ಮೂತಿ ಮಾಡ್ತವೆ ಸಾರ್.
ಗಾಳಿ ಅಲ್ಲಿಂದ ಒದ್ದೆ ವಾಸನೆ ತರ್ತದೆ.
ಮಳೆ ಮಾತ್ರ ತರಲ್ಲ.’

ಯಾಕೆ ತರಲ್ಲ?

ಎಲ್ಲರೂ ಪಡುವಣಕ್ಕೆ ತಿರುಗುತ್ತಾರೆ.
ಬಾಬಾಬುಡನ್ ಗಿರಿ, ದೂರದಲ್ಲಿ, ಮಲಗಿದ ಎಮ್ಮೆಯ ಬೆನ್ನು.
ಮೋಡ ಕೂತಿದೆ ಅದರ ಮೇಲೆ, ಇದ್ದಬದ್ದ ಮೋಡವೆಲ್ಲ.
ಶಬರೀನ್, ವರ್ಷವಿಡೀ ಕೈ ಎತ್ತದವಳು, ಮೆಲ್ಲಗೆ ಅನ್ನುತ್ತಾಳೆ:
‘ದಾವತ್ತಲ್ಲಿ ಮೊದಲ ಪಂಕ್ತಿಗೇ ಬಿರಿಯಾನಿ ಮುಗಿದ ಹಾಗೆ ಸಾರ್.
ನಮಗೆ ಘಮ ಅಷ್ಟೇ.’

ಅದಕ್ಕೊಂದು ಹೆಸರಿದೆ ಕಣಮ್ಮ, ಮಳೆನೆರಳು.
ಬರೆದುಕೋ, ಪರೀಕ್ಷೆಗೆ ಬರಬಹುದು.
ಬಿರಿಯಾನಿ ಅಂತ ಬರೆದರೆ ಅಂಕ ಕೊಡುವುದಿಲ್ಲ ಅವರು.
ನೀನು ಮರೆಯಬೇಡ ಅದನ್ನು ಮಾತ್ರ.

‘ಸಾರ್, ಇದೆಲ್ಲ ಪಾಠದಲ್ಲಿದೆಯಾ?’
ಇರಬಹುದು.
ನಾಲ್ಕನೇ ಪುಟದಿಂದ ಮುಂದೆ.

ಗಂಟೆ ಹೊಡೆಯಿತು. ಚೆಂಡೆಲ್ಲಿ?
ಯಾರ ಕೈಯಲ್ಲೂ ಇಲ್ಲವೇ?
ಅಗೋ, ಸಂದು ದಾಟಿ, ಚರಂಡಿಯ ಏರಿ ಹಿಡಿದು
ನಮ್ಮನ್ನು ಕೇಳದೆ
ಹಿರಿಯೂರಿನ ಕಡೆ ಹೊರಟಿದೆ.
ಓಡಿ, ಹಿಡಿಯಿರಿ.
ಶಾಲೆಗಿರುವುದು ಅದೊಂದೇ.